ಬುಕ್ಕಲ್ಲಿ 14.25, ಇನ್ಸ್‌ಪೆಕ್ಷನ್‌ನಲ್ಲಿ 10.87: ಮಲೆನಾಡಿನ ಒಂದು ಸಹಕಾರಿ ಬ್ಯಾಂಕಿನ ಕಥೆ

ಮೇಲಿರೋ ಎರಡು ಅಂಕಿನೂ ಒಂದೇ ಬ್ಯಾಂಕಿನ ಬಂಡವಾಳ ಎಷ್ಟು ಪರ್ಸೆಂಟ್ ಅನ್ನೋದು, ಒಂದು ನಾವು ಬರ್ಕೊಂಡಿದ್ದು, ಇನ್ನೊಂದು ಆರ್‌ಬಿಐನೋರು ಬಂದು ಲೆಕ್ಕ ಹಾಕಿದ್ದು. ಮೊದ್ಲೇ ಹೇಳ್ಬಿಡ್ತೀನಿ, ಬ್ಯಾಂಕಿನ ಹೆಸರು ಕೇಳ್ಬೇಡಿ. ಇನ್ಸ್‌ಪೆಕ್ಷನ್ ರಿಪೋರ್ಟ್ ಗೋಪ್ಯ ದಾಖಲೆ, ಹಾಗಾಗಿ ಊರೂ ಹೇಳಲ್ಲ, ಅಂಕಿಗಳನ್ನೂ ಬದಲಾಯಿಸಿ ದುಂಡಗೆ ಮಾಡಿದೀನಿ, ಆದ್ರೆ ಕೂಡಿ ಕಳೆದು ನೋಡಿದ್ರೆ ಸರಿ ಬರೋ ಹಾಗೆ ಇಟ್ಟಿದೀನಿ. ತೀರ್ಥಹಳ್ಳಿ, ಹೊಸನಗರ, ಸಾಗರ ಈ ಸುತ್ತಿನಲ್ಲಿ ಎಲ್ಲೋ ಒಂದು ಕಡೆ ಅಂದ್ಕೊಳ್ಳಿ ಸಾಕು. 180 ಕೋಟಿ ಠೇವಣಿ, 120 ಕೋಟಿ ಸಾಲ, ಪಿಗ್ಮಿಯವರು ದಿನಾ ಸಂಜೆ ಅಂಗಡಿ ಅಂಗಡಿ ಸುತ್ತಿ ದುಡ್ಡು ತರ್ತಾರೆ, ಅಧ್ಯಕ್ಷರು ತೋಟದ ಗೌಡ್ರು, ವಾರ್ಷಿಕ ಸಭೇಲಿ ಊಟಕ್ಕೆ ಹೋಳಿಗೆ. ಇಂಥ ಬ್ಯಾಂಕು.

ನಾನು ಅಲ್ಲಿಗೆ ಹೋಗಿದ್ದು ಹೇಗೆ ಅಂದ್ರೆ, ನೂರು ಕೋಟಿ ಮೇಲೆ ಠೇವಣಿ ಇರೋ ಪಟ್ಟಣ ಸಹಕಾರಿ ಬ್ಯಾಂಕುಗಳು ಡೈರೆಕ್ಟರುಗಳ ಜೊತೆಗೆ ಬೋರ್ಡ್ ಆಫ್ ಮ್ಯಾನೇಜ್‌ಮೆಂಟ್ ಅಂತ ಇನ್ನೊಂದು ಸಮಿತಿ ಮಾಡ್ಬೇಕು, ಅದ್ರಲ್ಲಿ ಬ್ಯಾಂಕಿಂಗ್ ಗೊತ್ತಿರೋರು ಇರ್ಬೇಕು ಅಂತ ಆರ್‌ಬಿಐ 2019ರ ಡಿಸೆಂಬರ್‌ನಲ್ಲಿ ಸರ್ಕ್ಯುಲರ್ ಹೊರಡಿಸ್ತು. ನಾನು ರಾಷ್ಟ್ರೀಕೃತ ಬ್ಯಾಂಕಲ್ಲಿ ರಿಟೈರ್ ಆಗಿ ಮನೇಲಿ ಕೂತಿದ್ದೆ, ಗೌಡ್ರು ಬಂದು "ಸಾರ್, ತಿಂಗಳಿಗೆ ಒಂದ್ ಮೀಟಿಂಗು, ಕಾಫಿ ಕುಡ್ದು ಸೈನ್ ಹಾಕಿ ಹೋದ್ರಾಯ್ತು" ಅಂದ್ರು. ಒಪ್ಕೊಂಡೆ. ಕಾಫಿ ಚೆನ್ನಾಗೇ ಇತ್ತು.

ಈಗ ವಿಷಯಕ್ಕೆ ಬರ್ತೀನಿ. ಬ್ಯಾಂಕಿಗೆ ಬಂಡವಾಳ ಎಷ್ಟಿರ್ಬೇಕು ಅನ್ನೋದಕ್ಕೆ ಇರೋ ಅಳತೆ ಸಿಆರ್‌ಎಆರ್. ಕೇಳಕ್ಕೆ ದೊಡ್ಡದಾಗಿದೆ, ಒಳಗೆ ಸರಳ. ಬ್ಯಾಂಕಿನ ಸ್ವಂತ ದುಡ್ಡು, ಅಂದ್ರೆ ಷೇರು ಹಣ ಮತ್ತೆ ವರ್ಷ ವರ್ಷ ಲಾಭದಲ್ಲಿ ಕೂಡಿಟ್ಟ ನಿಧಿ, ಅದನ್ನ ಕೊಟ್ಟ ಸಾಲಕ್ಕೆ ಭಾಗಿಸೋದು. ಆದ್ರೆ ಸಾಲನ ಹಂಗೇ ತಗೊಳಲ್ಲ, ಪ್ರತಿಯೊಂದಕ್ಕೂ ಅದರ ಅಪಾಯ ನೋಡಿ ತೂಕ ಕೊಡ್ತಾರೆ. ನಮ್ಮ ಬ್ಯಾಂಕಿನದೇ ಠೇವಣಿ ಮೇಲೆ ಕೊಟ್ಟ ಸಾಲಕ್ಕೆ ತೂಕ ಸೊನ್ನೆ, ಯಾಕಂದ್ರೆ ಅವನು ಕಟ್ಟದಿದ್ರೆ ಅವನದೇ ದುಡ್ಡು ನಮ್ಮತ್ರ ಇದೆ. ಮೂವತ್ತು ಲಕ್ಷದೊಳಗಿನ ಮನೆ ಸಾಲ, ಮನೆ ಬೆಲೆಯ ಮುಕ್ಕಾಲು ಭಾಗದೊಳಗೆ ಇದ್ರೆ 50, ಅಂದ್ರೆ ನೂರು ರೂಪಾಯಿ ಸಾಲನ ಐವತ್ತು ಅಂತ ಹಿಡಿಯೋದು. ಒಂದು ಲಕ್ಷದೊಳಗಿನ ಬಂಗಾರದ ಸಾಲಕ್ಕೂ 50. ವ್ಯಾಪಾರ, ಬೆಳೆ, ವಾಹನ ಇದಕ್ಕೆಲ್ಲ 100. ಪರ್ಸನಲ್ ಲೋನಿಗೆ 125. ಬೇರೆ ಬ್ಯಾಂಕಲ್ಲಿ ಇಟ್ಟ ಠೇವಣಿಗೆ 20. ಸರ್ಕಾರಿ ಬಾಂಡಿಗೆ ಎರಡೂವರೆ ಅಷ್ಟೇ.

ಈ ಅಳತೆ ಹುಟ್ಟಿದ್ದು ಸ್ವಿಟ್ಜರ್ಲೆಂಡಿನ ಬಾಸೆಲ್ ಊರಲ್ಲಿ, 1988ರಲ್ಲಿ. ಆಗ ಜಗತ್ತಿಗೆಲ್ಲ ಸೇರಿ ಕನಿಷ್ಠ 8 ಪರ್ಸೆಂಟ್ ಅಂದ್ರು. ಆಮೇಲೆ 2004ರಲ್ಲಿ ಬಾಸೆಲ್ ಎರಡು ಬಂತು, 2008ರ ಕುಸಿತ ಆದ್ಮೇಲೆ ಮೂರು ಬಂತು. ನಮ್ಮ ವಾಣಿಜ್ಯ ಬ್ಯಾಂಕುಗಳಿಗೆ ಆರ್‌ಬಿಐ 9 ಇಟ್ಟು ಅದರ ಮೇಲೆ ಎರಡೂವರೆ ಪರ್ಸೆಂಟ್ ಕಷ್ಟಕಾಲದ ಗಂಟು ಸೇರಿಸಿ 11.5 ಮಾಡಿದೆ. ನಮ್ಮಂಥ ಪಟ್ಟಣ ಸಹಕಾರಿ ಬ್ಯಾಂಕುಗಳು ಇನ್ನೂ ಆ 1988ರ ಲೆಕ್ಕದ ದಾರೀಲೇ ನಡೀತಿರೋದು, ಆದ್ರೆ ಗುರಿ ಮಾತ್ರ ಏರಿದೆ. 2022ರಲ್ಲಿ ಈ ಬ್ಯಾಂಕುಗಳನ್ನ ನಾಲ್ಕು ಟಿಯರ್, ಅಂದ್ರೆ ದರ್ಜೆ ಮಾಡಿ, ಒಂದೇ ಜಿಲ್ಲೇಲಿರೋ ಚಿಕ್ಕ ಟಿಯರ್ ಒಂದರ ಬ್ಯಾಂಕಿಗೆ 9, ಉಳಿದೋರಿಗೆಲ್ಲ 12 ಅಂದ್ರು. ಆಗ 12 ಇಲ್ಲದವರಿಗೆ ಮೆಟ್ಟಿಲನ್ನೂ ಕೊಟ್ರು: 2024 ಮಾರ್ಚ್‌ಗೆ 10, 2025 ಮಾರ್ಚ್‌ಗೆ 11, 2026 ಮಾರ್ಚ್‌ಗೆ 12. ನಮ್ದು ನೂರು ಕೋಟಿ ದಾಟಿದ ಟಿಯರ್ ಎರಡು. ಮೆಟ್ಟಿಲ ಕಡೆ ನಾವ್ಯಾರೂ ತಿರುಗೂ ನೋಡ್ಲಿಲ್ಲ, ಯಾಕಂದ್ರೆ ನಮ್ಮ ಬುಕ್ಕಲ್ಲಿ 14 ಇತ್ತಲ್ಲ.

2025 ಮಾರ್ಚ್ 31ರ ಲೆಕ್ಕ ಹೀಗಿತ್ತು. ಸ್ವಂತ ಬಂಡವಾಳ ಹದಿನೈದೂವರೆ ಕೋಟಿ. ಸಾಲದಲ್ಲಿ ವ್ಯಾಪಾರ, ಕೃಷಿ, ವಾಹನ ಸೇರಿ 60 ಕೋಟಿ, ತೂಕನೂ 60. ಪರ್ಸನಲ್ 10 ಕೋಟಿ, ತೂಕ ಹಾಕಿದ್ರೆ 12.5. ಮನೆ ಸಾಲ 20 ಕೋಟಿ, ತೂಕ 10. ಸಣ್ಣ ಬಂಗಾರದ ಸಾಲ 12 ಕೋಟಿ, ತೂಕ 6, ದೊಡ್ಡದು 8 ಕೋಟಿ, ತೂಕ 8. ಠೇವಣಿ ಮೇಲಿನ ಸಾಲ 10 ಕೋಟಿ, ಸೊನ್ನೆ. ಬಾಂಡು, ಬೇರೆ ಬ್ಯಾಂಕಿನ ಠೇವಣಿ, ಕಟ್ಟಡ, ಪೀಠೋಪಕರಣ ಎಲ್ಲದರ ತೂಕ ಸೇರಿ ಇನ್ನೊಂದು 12.25. ಒಟ್ಟು 108.75. ಹದಿನೈದೂವರೆಯನ್ನ ಇದಕ್ಕೆ ಭಾಗಿಸಿದ್ರೆ 14.25 ಪರ್ಸೆಂಟ್. ಮ್ಯಾನೇಜರ್ ಆ ಪುಟ ತೆಗೆದು ತೋರಿಸುವಾಗ ಮಗನ ಮಾರ್ಕ್ಸ್ ಕಾರ್ಡ್ ತೋರಿಸೋ ಅಪ್ಪನ ಮುಖ. ವಾರ್ಷಿಕ ವರದಿ ಕವರ್ ಪೇಜಲ್ಲೇ ಹಾಕ್ಸಿದ್ರು.

ಮಳೆ ಹಿಡಿದ ಮೇಲೆ ಆರ್‌ಬಿಐ ಇನ್ಸ್‌ಪೆಕ್ಷನ್ ಬಂತು. ಮೂರು ಜನ, ಬೆಂಗಳೂರಿಂದ. ಲೀಡ್ ಮಾಡ್ತಿದ್ದಿದ್ದು ಒಬ್ರು ಮೇಡಂ, ಮೂವತ್ತೈದು ದಾಟಿರ್ಲಿಕ್ಕಿಲ್ಲ, ಆಂಧ್ರದ ಕಡೆಯೋರು, ಕನ್ನಡ ಅರ್ಥ ಆಗ್ತಿತ್ತು, ಮಾತಾಡುವಾಗ ತಡವರಿಸೋರು. ಗೌಡ್ರಿಗೆ ಒಳಗೊಳಗೇ ಧೈರ್ಯ, "ಹುಡ್ಗಿ ಪಾಪ, ಎರಡ್ ದಿನ ಫೈಲ್ ನೋಡಿ ಜೋಗ ನೋಡ್ಕೊಂಡು ಹೋಗ್ತಾರೆ ಬಿಡಿ" ಅಂದ್ರು. ಜೋಗಕ್ಕೆ ಕಾರು ಮಾಡಿ ಕೊಡ್ತೀವಿ ಅಂತ ಕೇಳಿದ್ದೂ ಆಯ್ತು. ಅವ್ರು ಬೇಡ ಅಂದು, ಮನೆಯಿಂದ ಬಂದ ಟೀ ಕೂಡ ಕುಡೀದೆ, ಮೊದಲ ದಿನನೇ ಕೇಳಿದ್ದು ಮಾರ್ಚ್ ತಿಂಗಳ ಕೊನೇ ಹತ್ತು ದಿನದ ಎಲ್ಲಾ ಸಾಲ ಮಂಜೂರಾತಿ ಮತ್ತೆ ಅದೇ ಹತ್ತು ದಿನ ಮುಗಿದ ಎಲ್ಲಾ ಸಾಲದ ಪಟ್ಟಿ, ಪಕ್ಕಪಕ್ಕ ಇಟ್ಟು. ಆಗ್ಲೇ ನಂಗೆ ಹೊಟ್ಟೇಲಿ ಚುಳ್ ಅಂತು.

ಯಾಕೆ ಅಂತ ಹೇಳ್ತೀನಿ. ಅಡಿಕೆ ತೋಟದೋನಿಗೆ ದುಡ್ಡು ಬರೋದು ವರ್ಷಕ್ಕೊಂದು ಸಲ, ಕೊನೆ ತೆಗೆದು ಸುಲಿದು ಬೇಯಿಸಿ ಒಣಗಿಸಿ ಮಂಡಿಗೆ ಹಾಕಿದ್ಮೇಲೆ, ಅದೂ ಧಾರಣೆ ಏರ್ಲಿ ಅಂತ ಕಾದ್ರೆ ಇನ್ನೂ ತಡ. ಒಂದು ವರ್ಷ ಮಳೆ ಬಿಡದೆ ಕಾಯಿ ಕೊಳೆತು ಉದುರೋ ಕೊಳೆರೋಗ ಜೋರಾದ್ರೆ, ಇಲ್ಲಾ ಇತ್ತೀಚೆಗೆ ಬಂದಿರೋ ಎಲೆಚುಕ್ಕಿ ರೋಗ ಇಡೀ ತೋಟ ಹಿಡಿದ್ರೆ, ಕಟ್ಟಕ್ಕೆ ಆಗಲ್ಲ. 90 ದಿನ ದಾಟಿದ್ರೆ ಎನ್‌ಪಿಎ, ಅಂದ್ರೆ ಕೆಟ್ಟ ಸಾಲ, ಬೆಳೆ ಸಾಲಕ್ಕೆ ಹಂಗಾಮಿನ ಲೆಕ್ಕ ಬೇರೆ ಇದೆ, ಆದ್ರೆ ನಮ್ಮ ಬಹಳಷ್ಟು ತೋಟದ ಸಾಲ ಬೆಳೆ ಸಾಲ ಅಂತ ಬರೆದೇ ಇರ್ಲಿಲ್ಲ, ವ್ಯಾಪಾರದ ಓವರ್‌ಡ್ರಾಫ್ಟ್ ಅಂತಲೋ ಮಾರ್ಟ್‌ಗೇಜ್ ಸಾಲ ಅಂತಲೋ ಇರೋದು. ಆಗೇನ್ ಮಾಡ್ತಿದ್ರು? ಮಾರ್ಚ್ 28ಕ್ಕೆ ಹೊಸ ಸಾಲ ಬರೆದು ಅದೇ ದುಡ್ಡಲ್ಲಿ ಹಳೇ ಸಾಲ ಬಡ್ಡಿ ಸಮೇತ ಮುಗಿಸೋದು. ಕೌಂಟರ್‌ನಿಂದ ಒಂದು ರೂಪಾಯಿ ಹೊರಗೆ ಹೋಗಿಲ್ಲ, ಒಂದು ರೂಪಾಯಿ ಒಳಗೂ ಬಂದಿಲ್ಲ, ಬುಕ್ಕಲ್ಲಿ ಮಾತ್ರ ಸಾಲ ವಸೂಲಾಗಿದೆ, ಬಡ್ಡಿ ಆದಾಯ ಬಂದಿದೆ, ಅದರ ಮೇಲೆ ಲಾಭ, ಲಾಭದ ಮೇಲೆ ಡಿವಿಡೆಂಡ್. ನಮ್ಮ ಕಡೆ ಇದನ್ನ ಯಾರೂ ಮೋಸ ಅನ್ಕೊಳಲ್ಲ, "ಪಾಪ, ತೋಟದೋರು, ಎಲ್ಲಿಗ್ ಓಡ್ಹೋಗ್ತಾರೆ" ಅಂತಾರೆ. ನಿಜ, ಓಡ್ಹೋಗಲ್ಲ. ಕಟ್ಟೋದೂ ಇಲ್ಲ.

ನಾನೂ ಎರಡು ವರ್ಷ ಆ ಪಟ್ಟಿಗೆ ಸೈನ್ ಹಾಕಿದೀನಿ. ಕೇಳ್ಬೇಕಿತ್ತು, ಕೇಳ್ಲಿಲ್ಲ. ಇಲ್ಲಿ ಬರೀಲೇಬೇಕು ಅದನ್ನ.

ಎರಡು ವಾರ ಕೂತು ಅವ್ರು ತೆಗೆದಿದ್ದು ಇಷ್ಟು. ಹೀಗೆ ಹಳೇದು ಮುಗಿಸಿ ಹೊಸದು ಬರೆದ 9 ಕೋಟಿ ಸಾಲ ಎನ್‌ಪಿಎ ಅಂತ ಎಳೆದ್ರು, ಅದೂ ಇವತ್ತಿನ ತಾರೀಖಿಂದ ಅಲ್ಲ, ಮೊದಲನೇ ಸಲ ಕಟ್ಟದೇ ಇದ್ದ ತಾರೀಖಿಂದ. ಅದ್ರಿಂದ ಏನಾಯ್ತು ಅಂದ್ರೆ 5 ಕೋಟಿ ಸಬ್‌ಸ್ಟ್ಯಾಂಡರ್ಡ್, ಅಂದ್ರೆ ಕೆಟ್ಟು ಇನ್ನೂ ವರ್ಷ ತುಂಬದ್ದು, ಅದಕ್ಕೆ ಹತ್ತು ಪರ್ಸೆಂಟ್ ಪ್ರಾವಿಷನ್, ಅಂದ್ರೆ ಬರದೇ ಹೋದ್ರೆ ಅಂತ ಎತ್ತಿಡೋ ದುಡ್ಡು, 50 ಲಕ್ಷ. 3 ಕೋಟಿ ಒಂದು ವರ್ಷಕ್ಕಿಂತ ಹಳೇ ಡೌಟ್‌ಫುಲ್, ಮೂವತ್ತು ಪರ್ಸೆಂಟ್, 90 ಲಕ್ಷ. ಉಳಿದ 1 ಕೋಟಿಗೆ ಆಧಾರನೇ ಇಲ್ಲ, ಬಗರ್ ಹುಕುಂ ಜಮೀನು, ಪಹಣೀಲಿ ಸಾಲಗಾರನ ಹೆಸರೇ ಇಲ್ಲ, ಪೂರ್ತಿ ನೂರಕ್ಕೆ ನೂರು. ಇಲ್ಲಿಗೇ 2.4 ಕೋಟಿ. ಬರದೇ ಇದ್ರೂ ಆದಾಯ ಅಂತ ಬರ್ಕೊಂಡ ಬಡ್ಡಿ 60 ಲಕ್ಷ ವಾಪಸ್ ತೆಗೀಬೇಕು. ಸಸ್ಪೆನ್ಸ್ ಖಾತೇಲಿ ವರ್ಷಗಟ್ಲೆ ಕೊಳೀತಿದ್ದ, ಯಾರಿಗೆ ಸೇರಿದ್ದು ಅಂತ ಯಾರೂ ಹೇಳಕ್ಕಾಗದ ಎಂಟ್ರಿಗಳು 40 ಲಕ್ಷ. ಹದಿನೈದೂವರೆ ಕೋಟಿ ಬಂಡವಾಳದಲ್ಲಿ 3.4 ಹೋಗಿ 12.1 ಉಳೀತು.

ಅಷ್ಟಕ್ಕೇ ಬಿಡ್ಲಿಲ್ಲ. ಕೆಳಗಡೆ ಅಂಕಿನೂ ಮುಟ್ಟಿದ್ರು. ಮನೆ ಸಾಲ ಅಂತ 50 ತೂಕ ಹಾಕಿದ್ರಲ್ಲ, ಅದ್ರಲ್ಲಿ 6 ಕೋಟಿ ಮನೆನೇ ಅಲ್ಲ, ಕೆಳಗೆ ಅಂಗಡಿ ಮಳಿಗೆ ಮೇಲೆ ಲಾಡ್ಜು, ಆಗುಂಬೆ ಕಡೆ ಟೂರಿಸ್ಟ್ ಜಾಸ್ತಿ ಆದ್ಮೇಲೆ ಕಟ್ಟಿದ ಹೋಂ ಸ್ಟೇಗಳು. ಅದಕ್ಕೆ 100. ಬಂಗಾರದ ಸಾಲದಲ್ಲಿ ಒಂದೇ ಹೆಸರು, ಒಂದೇ ದಿನ, 95 ಸಾವಿರದ ಮೂರು ಪ್ಯಾಕೆಟ್, ಒಂದು ಲಕ್ಷದೊಳಗೆ ಇರ್ಲಿ ಅಂತ. ಅಂಥವೆಲ್ಲ ಒಟ್ಟುಗೂಡಿಸಿ 6 ಕೋಟಿಗೆ 100 ತೂಕ. ಎರಡರಿಂದ ತಲಾ 3 ಕೋಟಿ ತೂಕ ಏರಿತು, ಪ್ರಾವಿಷನ್ ಮಾಡಿದ್ದು ಕಳೆದು ಒಟ್ಟು 111.35 ಆಯ್ತು. ಈಗ ಭಾಗಿಸಿ ನೋಡಿ, 10.87. ನಾವು ತಿರುಗಿ ನೋಡದೇ ಇದ್ದ ಆ 11ರ ಮೆಟ್ಟಿಲಿಗೂ 0.13 ಕಮ್ಮಿ.

ಮುಂಚಿನದೂ ಸೇರಿ ನಿವ್ವಳ ಎನ್‌ಪಿಎ, ಅಂದ್ರೆ ಪ್ರಾವಿಷನ್ ಕಳೆದು ಉಳಿದ ಕೆಟ್ಟ ಸಾಲ, 7 ಪರ್ಸೆಂಟ್ ಹತ್ರ ಬಂತು. ಇದು ಯಾಕೆ ಮುಖ್ಯ ಅಂದ್ರೆ 2025ರ ಏಪ್ರಿಲ್ 1ರಿಂದ ಟಿಯರ್ ಎರಡು ಮತ್ತೆ ಅದರ ಮೇಲಿನ ಸಹಕಾರಿ ಬ್ಯಾಂಕುಗಳಿಗೆ ಪಿಸಿಎ ಬಂದಿದೆ, ಬ್ಯಾಂಕು ಸೊರಗಿದಾಗ ಆರ್‌ಬಿಐ ಲಗಾಮು ಹಾಕೋ ನಿಯಮ, ಮುಂಚೆ ಇದ್ದ ಎಸ್‌ಎಎಫ್ ಅನ್ನೋ ಅಂಥದೇ ನಿಯಮದ ಜಾಗಕ್ಕೆ. ಬಂಡವಾಳ ಬೇಕಾದ್ದಕ್ಕಿಂತ ಎರಡೂವರೆ ಪರ್ಸೆಂಟ್ ತನಕ ಕಮ್ಮಿ ಇದ್ರೆ ಮೊದಲ ಹಂತ, ನಾಲ್ಕರ ತನಕ ಎರಡನೇದು, ಅದಕ್ಕೂ ಕೆಳಗೆ ಮೂರನೇದು. ನಿವ್ವಳ ಎನ್‌ಪಿಎಗೂ ಹಾಗೇ 6, 9, 12 ಅಂತ ಗೆರೆ. ಎರಡು ವರ್ಷ ಸತತ ನಷ್ಟ ಆದ್ರೂ ಬೀಳ್ತೀವಿ. ನಮ್ಮ ಬ್ಯಾಂಕು ಎರಡು ಗೆರೆ ಮೇಲೂ ಕಾಲಿಟ್ಟಿತ್ತು.

ಇಷ್ಟೇ ಆಗಿದ್ರೆ ಇದನ್ನ ಬರೀತಿರ್ಲಿಲ್ಲ. ಬುಕ್ಕಲ್ಲಿ ಸುಳ್ಳು ಇತ್ತು, ಹಿಡಿದ್ರು, ಮುಗೀತು. ಇಂಥದ್ದು ಊರೂರಲ್ಲಿ ಆಗುತ್ತೆ. ನಂಗೆ ತಲೆ ತಿರುಗಿದ್ದು ಕೊನೇ ದಿನದ ಮೀಟಿಂಗಲ್ಲಿ.

ಮೇಡಂ ಎಲ್ಲ ಹೇಳಿ ಮುಗ್ಸಿ, ಲ್ಯಾಪ್‌ಟಾಪ್ ಮುಚ್ಚಿ, ಕಿಟಕಿ ಕಡೆ ನೋಡಿ ಕೇಳಿದ್ರು. ಹೊರಗೆ ಜಡಿಮಳೆ, ಎದುರಿನ ಟೈರ್ ಅಂಗಡಿನೂ ಕಾಣ್ತಿರ್ಲಿಲ್ಲ. "ಈ ಮಳೆ ಇನ್ನೂ ಒಂದು ತಿಂಗಳು ಹೀಗೇ ಬಂದ್ರೆ, ನಿಮ್ಮ ಸಾಲಗಾರರಲ್ಲಿ ಯಾರಿಗೆ ಒಳ್ಳೇದಾಗುತ್ತೆ?"

ಯಾರಿಗೂ ಉತ್ತರ ಬರ್ಲಿಲ್ಲ. ಗೌಡ್ರು ನಗಾಡ್ತಾ "ಕೊಡೆ ಅಂಗಡಿಯೋನಿಗೆ, ಆದ್ರೆ ಅವ್ನಿಗೆ ನಾವ್ ಸಾಲ ಕೊಟ್ಟಿಲ್ಲ ಮೇಡಂ" ಅಂದ್ರು. ಎಲ್ರೂ ನಕ್ರು. ಅವ್ರು ನಗ್ಲಿಲ್ಲ. "ಹಾಗಾದ್ರೆ ಕೆಟ್ಟದಾದ್ರೆ ಎಲ್ಲರಿಗೂ ಒಟ್ಟಿಗೇ ಆಗುತ್ತೆ ಅಲ್ವಾ?" ಅಂದ್ರು ಅಷ್ಟೇ.

ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ. ಮೂವತ್ತೈದು ವರ್ಷ ಬ್ಯಾಂಕಲ್ಲಿ ಕೆಲಸ ಮಾಡಿದೀನಿ, ಕಾನ್ಸಂಟ್ರೇಷನ್ ರಿಸ್ಕ್ ಅಂತ ಟ್ರೈನಿಂಗಲ್ಲಿ ಓದಿ ಪರೀಕ್ಷೆನೂ ಬರ್ದಿದೀನಿ, ಒಬ್ಬನಿಗೇ ಜಾಸ್ತಿ ಕೊಡ್ಬಾರ್ದು ಅಂತ ಅರ್ಥ ಮಾಡ್ಕೊಂಡಿದ್ದೆ. ಒಬ್ಬ ಸಾಲಗಾರನಿಗೆ ಟಿಯರ್ ಒನ್ ಬಂಡವಾಳದ (ಬ್ಯಾಂಕಿನ ಗಟ್ಟಿ ಸ್ವಂತ ದುಡ್ಡು, ಮೇಲೆ ಹೇಳಿದ ಬ್ಯಾಂಕಿನ ಟಿಯರ್ ಬೇರೆ) 15 ಪರ್ಸೆಂಟ್, ಒಂದೇ ಗುಂಪಿಗೆ 25 ದಾಟ್ಬಾರ್ದು ಅಂತ ಸಹಕಾರಿ ಬ್ಯಾಂಕಿಗೆ ನಿಯಮ ಇದೆ, ನಾವು ಅದನ್ನ ಒಂದು ದಿನನೂ ಮೀರಿಲ್ಲ. 2019ರಲ್ಲಿ ಮುಂಬೈನ ಪಿಎಂಸಿ ಬ್ಯಾಂಕು ಮುಳುಗಿದಾಗ ಅದರ ಮುಕ್ಕಾಲು ಪಾಲಿನಷ್ಟು ಸಾಲ ಒಂದೇ ಬಿಲ್ಡರ್ ಗುಂಪಿಗೆ ಹೋಗಿತ್ತು, ಠೇವಣಿದಾರರಿಗೆ ಮೊದ್ಲು ಸಾವಿರ ರೂಪಾಯಿ ಅಷ್ಟೇ ತೆಗೆಯಕ್ಕೆ ಬಿಟ್ರು. ಅದನ್ನ ಪೇಪರಲ್ಲಿ ಓದಿ "ನಮ್ದು ಸಾವಿರಾರು ಸಣ್ಣ ಸಾಲ, ನಮಗೆ ಆ ಭಯ ಇಲ್ಲ" ಅಂತ ಬೋರ್ಡಲ್ಲಿ ನಾನೇ ಹೇಳಿದ್ದೆ.

ಮಾರನೇ ವಾರ ನಾನು ಮತ್ತೆ ಬ್ಯಾಂಕಿನ ಅಕೌಂಟೆಂಟ್ ಹುಡುಗ ಕೂತ್ವಿ. ಕೃಷಿ ಅಂತ ಬುಕ್ಕಲ್ಲಿ ಇದ್ದಿದ್ದು 22 ಕೋಟಿ. ಅದೂ, ವ್ಯಾಪಾರ, ವಾಹನ, ಮನೆ, ಪರ್ಸನಲ್ ಎಲ್ಲ ಸೇರಿ 90 ಕೋಟಿಯ ಫೈಲುಗಳನ್ನ ಒಂದೊಂದೇ ತೆಗೆದು ಒಂದೇ ಪ್ರಶ್ನೆ ಕೇಳ್ತಾ ಹೋದ್ವಿ, ಇವನು ಕಂತು ಕಟ್ಟೋ ದುಡ್ಡು ಎಲ್ಲಿಂದ ಬರುತ್ತೆ? ಪಿಕಪ್ ಗಾಡಿ ಸಾಲ, ಗಾಡಿ ಏನ್ ಹೊರುತ್ತೆ, ಅಡಿಕೆ ಮೂಟೆ. ಟೈರ್ ಅಂಗಡಿ, ಆ ಪಿಕಪ್‌ಗೆ ಟೈರು. ಗೊಬ್ಬರದ ಅಂಗಡಿ, ಮೈಲುತುತ್ತ ಮಾರೋದು ಯಾರಿಗೆ, ತೋಟದೋರಿಗೆ, ಅದೂ ಉದ್ರಿ. ಚೇಣಿದಾರರು, ಅವ್ರಂತೂ ಫಸಲು ಮರದ ಮೇಲೆ ಇರುವಾಗ್ಲೇ ದುಡ್ಡು ಕೊಟ್ಟು ತೋಟ ಹಿಡಿಯೋರು, ಕೊಳೆ ಬಂದ್ರೆ ಮೊದ್ಲು ಕೂರೋರು ಅವ್ರೇ. ಜವಳಿ ಅಂಗಡೀಲಿ ಮದುವೆ ಸೀರೆ ಯಾವಾಗ ಹೋಗುತ್ತೆ, ಅಡಿಕೆ ದುಡ್ಡು ಬಂದ್ಮೇಲೆ. ಬೈಕ್ ಶೋರೂಂ ಕೂಡ ಹಂಗೇ. ಸುಲಿಯೋ ಮಷೀನ್ ರಿಪೇರಿಯೋನು. ಪ್ರೈವೇಟ್ ಶಾಲೆಯ ಬಸ್ ಸಾಲ ಬಂದಾಗ ಹುಡುಗ "ಇದು ಅಡಿಕೆ ಅಲ್ಲ ಸಾರ್" ಅಂದ, ಹೋದ ವರ್ಷ ಫೀಸ್ ಬಾಕಿ ಉಳಿಸ್ಕೊಂಡೋರ ಪಟ್ಟಿ ಶಾಲೆಯಿಂದ ತರ್ಸಿದ್ವಿ, ಮುಕ್ಕಾಲು ಜನ ತೋಟದ ಮಕ್ಕಳು. ಹುಡುಗ ಪೆನ್ನು ಕೆಳಗಿಟ್ಟು ಸುಮ್ನಾದ.

ಕೊನೆಗೆ ಬಂದ ಲೆಕ್ಕ 61 ಕೋಟಿ. 22 ಅಲ್ಲ. ಸರ್ಕಾರಿ ನೌಕರರು, ಪೆನ್ಷನ್ದಾರರು, ಶಿವಮೊಗ್ಗದ ಮಾಚೇನಹಳ್ಳಿ ಫ್ಯಾಕ್ಟರಿಗಳಲ್ಲಿ ಕೆಲಸ ಮಾಡೋರು, ಬೆಂಗಳೂರಿಂದ ಮಕ್ಕಳು ದುಡ್ಡು ಕಳ್ಸೋರು, ಇಷ್ಟು ಜನ ಬಿಟ್ರೆ ಮಿಕ್ಕೋರೆಲ್ಲ ಒಂದೇ ಮರದ ಕೆಳಗೆ ನಿಂತಿದ್ರು.

ಈಗ ತೂಕದ ಲೆಕ್ಕಕ್ಕೆ ವಾಪಸ್ ಬನ್ನಿ. ಆ ಸೂತ್ರ ಟೈರ್ ಅಂಗಡಿಗೆ 100 ಕೊಡುತ್ತೆ, ಜವಳಿ ಅಂಗಡಿಗೆ 100 ಕೊಡುತ್ತೆ, ಕೂಡುತ್ತೆ. ಇಬ್ರೂ ಒಂದೇ ದಿನ ಬೀಳ್ತಾರೋ ಬೇರೆ ಬೇರೆ ದಿನ ಬೀಳ್ತಾರೋ ಅಂತ ಕೇಳೋದೇ ಇಲ್ಲ. ಬೆಂಗಳೂರಿನ ಬ್ಯಾಂಕಿಗೂ ನಮಗೂ ಒಂದೇ 12. ಅಲ್ಲಿ ಸಾಫ್ಟ್‌ವೇರ್ ಬಿದ್ರೆ ಹೋಟೆಲ್ ನಡೆಯುತ್ತೆ, ಗಾರ್ಮೆಂಟ್ಸ್ ಬಿದ್ರೆ ಆಸ್ಪತ್ರೆ ನಡೆಯುತ್ತೆ. ನಮ್ಮಲ್ಲಿ?

ಬಾಸೆಲ್ ಎರಡರಲ್ಲಿ ಇದಕ್ಕೆ ಅಂತಲೇ ಎರಡನೇ ಕಂಬ ಅಂತ ಇಟ್ಟಿದಾರೆ, ಪಿಲ್ಲರ್ ಟೂ ಅಂತಾರೆ. ಮೊದಲ ಕಂಬ ಎಲ್ಲರಿಗೂ ಒಂದೇ ಸೂತ್ರ, ಎರಡನೇದು ಸೂತ್ರಕ್ಕೆ ಕಾಣದೇ ಇರೋದನ್ನ ನೋಡಕ್ಕೆ. ಸಾಲ ಒಂದೇ ಕಡೆ ಗುಡ್ಡೆ ಬಿದ್ದಿರೋದು, ಬಡ್ಡಿ ದರ ಏರಿಳಿದ್ರೆ ಬೀಳೋ ಹೊಡೆತ, ಠೇವಣಿದಾರರು ಒಟ್ಟಿಗೇ ಬಂದು ಕೇಳೋ ಅಪಾಯ. ದೊಡ್ಡ ಬ್ಯಾಂಕು ಮೊದ್ಲು ತಾನೇ ಲೆಕ್ಕ ಹಾಕಿ ನಂಗೆ ಇಷ್ಟು ಬಂಡವಾಳ ಬೇಕು ಅಂತ ಬರ್ದು ಕೊಡ್ಬೇಕು, ಐಕ್ಯಾಪ್ ಅಂತಾರೆ ಅದಕ್ಕೆ, ನಮ್ಮಲ್ಲಿ ವಾಣಿಜ್ಯ ಬ್ಯಾಂಕುಗಳಿಗೆ 2008ರಿಂದ ಇದೆ. ಆಮೇಲೆ ಮೇಲ್ವಿಚಾರಕರು ಬಂದು ಅದನ್ನ ಕೆದಕಿ, ಸಾಲ್ದು ಅನ್ಸಿದ್ರೆ ಆ ಒಂದು ಬ್ಯಾಂಕಿಗೆ ಅಂತ ಜಾಸ್ತಿ ಕೇಳ್ಬಹುದು. ಆರ್‌ಬಿಐ ದೊಡ್ಡ ಬ್ಯಾಂಕುಗಳಿಗೆ ಸ್ಪಾರ್ಕ್ ಅನ್ನೋ ಪದ್ಧತೀಲಿ ಅಪಾಯಕ್ಕೆ ಅಂಕ ಕೊಡುತ್ತೆ. ಯುರೋಪಿನ ಸೆಂಟ್ರಲ್ ಬ್ಯಾಂಕ್ ಪ್ರತಿ ವರ್ಷ ದೊಡ್ಡ ಬ್ಯಾಂಕುಗಳನ್ನ ಒಂದೊಂದಾಗಿ ನೋಡಿ ನಿಂಗೆ ಇಷ್ಟು, ನಿಂಗೆ ಇಷ್ಟು ಅಂತ ಬೇರೆ ಬೇರೆ ಹೆಚ್ಚುವರಿ ಹಾಕಿ ಅದನ್ನ ಪ್ರಕಟನೂ ಮಾಡುತ್ತೆ. ನಮ್ಮಂಥ ಸಣ್ಣ ಸಹಕಾರಿ ಬ್ಯಾಂಕಿಗೆ ಕ್ಯಾಮೆಲ್ಸ್ ಅಂತ ಬ್ಯಾಂಕಿನ ಆರೋಗ್ಯ ನೋಡಿ ಕೊಡೋ ರೇಟಿಂಗು, ಇನ್ಸ್‌ಪೆಕ್ಷನ್ನು, ಆಮೇಲೆ ಒಂದು ಪತ್ರ. ಆ ಪತ್ರದಲ್ಲಿ ನಿಮ್ಮ ಗುರಿ 14.5 ಅಂತ ಯಾರೂ ಬರೆಯಲ್ಲ. ಆದ್ರೆ ಆ ಮೇಡಂ ಕೇಳಿದ ಪ್ರಶ್ನೆ ಇದೆಯಲ್ಲ, ಎರಡನೇ ಕಂಬ ಅಂದ್ರೆ ಅದೇ. ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕ್ 2023ರ ಮಾರ್ಚ್‌ನಲ್ಲಿ ಬಿತ್ತಲ್ಲ, ಒಂದೇ ದಿನ 42 ಬಿಲಿಯನ್ ಡಾಲರ್ ಹೊರಗೆ ಹೋಯ್ತಲ್ಲ, ಅದರ ಬಂಡವಾಳದ ಅನುಪಾತ ಪೇಪರ್ ಮೇಲೆ ಚೆನ್ನಾಗೇ ಇತ್ತು. ಠೇವಣಿದಾರರೆಲ್ಲ ಒಂದೇ ಜಾತಿಯ ಸ್ಟಾರ್ಟಪ್‌ನೋರು, ದುಡ್ಡೆಲ್ಲ ದೀರ್ಘಾವಧಿ ಬಾಂಡಲ್ಲಿ. ಅವರ ಅಡಿಕೆ ಅದು ಅಂದ್ಕೊಳ್ಳಿ.

ನಾನು ಒಂದು ಕೆಟ್ಟ ವರ್ಷದ ಲೆಕ್ಕ ಹಾಕಿದೆ. ಕೊಳೆ ಜೋರು, ಮೇಲಿಂದ ಧಾರಣೆನೂ ಬಿತ್ತು ಅಂತ ಇಟ್ಕೊಳ್ಳಿ. ಎರಡೂ ಒಟ್ಟಿಗೆ ಆಗಲ್ಲ, ಫಸಲು ಕಮ್ಮಿ ಆದ್ರೆ ಬೆಲೆ ಏರುತ್ತೆ ಅಂತ ಬೋರ್ಡಲ್ಲಿ ಒಬ್ರು ವಾದ ಮಾಡಿದ್ರು, ಅದು ಅಡಿಕೆ ನಮ್ಮ ತಾಲೂಕಲ್ಲಿ ಮಾತ್ರ ಬೆಳೀತಿದ್ದ ಕಾಲಕ್ಕೆ ಸರಿ. ಈಗ ಚನ್ನಗಿರಿ, ಶಿಕಾರಿಪುರ, ಭದ್ರಾವತಿ ಬಯಲಲ್ಲೂ ಗದ್ದೆ ಮುಚ್ಚಿ ತೋಟ ಮಾಡಿದಾರೆ, ಅಲ್ಲಿ ಕೊಳೆ ಕಮ್ಮಿ, ನಮ್ಮ ಘಟ್ಟದ ಅಂಚಿನ ತೋಟ ಹೋದ್ರೂ ಮಂಡಿಗೆ ಮಾಲು ಬರುತ್ತೆ. 61 ಕೋಟೀಲಿ 12 ಪರ್ಸೆಂಟ್ ಕಟ್ಟದೆ ನಿಂತ್ರೆ 7.3 ಕೋಟಿ, ಅದ್ರಲ್ಲಿ ಮೂರನೇ ಒಂದು ಭಾಗ ಕೊನೆಗೂ ಬರಲ್ಲ ಅಂದ್ರೆ 2.4, ಬಾರದ ಬಡ್ಡಿ 70 ಲಕ್ಷ. ಸೇರಿ 3.1 ಕೋಟಿ. 111.35ಕ್ಕೆ ಹೋಲಿಸಿದ್ರೆ 2.8 ಪರ್ಸೆಂಟ್. ಅಂದ್ರೆ ಕೆಟ್ಟ ವರ್ಷದಲ್ಲೂ 12ರ ಮೇಲೆ ನಿಲ್ಬೇಕಾದ್ರೆ ಒಳ್ಳೇ ವರ್ಷದಲ್ಲಿ 14.8 ಇಟ್ಕೊಂಡಿರ್ಬೇಕು. ನಾನು ಬೋರ್ಡಿಗೆ 14.5 ಅಂತ ಇಟ್ಟೆ, ಪೂರ್ತಿ ಹೇಳಿದ್ರೆ ಎದ್ದು ಹೋಗ್ತಾರೆ ಅಂತ.

ಹೆಚ್ಚುಕಮ್ಮಿ ಎದ್ದೇ ಹೋದ್ರು. "ಆರ್‌ಬಿಐನೇ 12 ಸಾಕು ಅಂದಿದೆ, ನೀವ್ಯಾಕ್ ಸಾರ್ ಅವ್ರಿಗಿಂತ ಮುಂದೆ ಹೋಗ್ತೀರಿ?" ಅಂತ ಒಬ್ರು. 10.87ರಲ್ಲಿ ಕೂತು 14.5ರ ಮಾತಾಡೋದು ತಮಾಷೆಯಾಗೇ ಕಾಣ್ತಿತ್ತು, ಒಪ್ತೀನಿ. 12 ಮುಟ್ಟಕ್ಕೇ ಒಂದೂಕಾಲು ಕೋಟಿ ಬೇಕಿತ್ತು, ಅದಿಲ್ದಿದ್ರೆ ಹತ್ತೂವರೆ ಕೋಟಿ ಸಾಲ ಕುಗ್ಗಿಸ್ಬೇಕು, ಅಂದ್ರೆ ಊರಲ್ಲಿ ಅಷ್ಟು ಜನಕ್ಕೆ ಇಲ್ಲ ಅನ್ಬೇಕು. ಲಿಸ್ಟೆಡ್ ಬ್ಯಾಂಕ್ ಆಗಿದ್ರೆ ಮಾರ್ಕೆಟ್‌ಗೆ ಹೋಗಿ ಷೇರು ಮಾರ್ತಿತ್ತು. ನಮ್ಮ ಷೇರು ಮುಖಬೆಲೆಗಷ್ಟೇ, ಎಷ್ಟು ಷೇರಿದ್ರೂ ಒಂದೇ ಓಟು, ಯಾರು ಯಾಕೆ ಹಾಕ್ತಾರೆ ದುಡ್ಡು?

ಅಷ್ಟರಲ್ಲಿ ಗೌಡ್ರಿಗೆ ಯಾರೋ ಒಂದು ಸುಲಭದ ದಾರಿ ಹೇಳ್ಕೊಟ್ರು. ಬಸ್ ಸ್ಟ್ಯಾಂಡ್ ಹತ್ರ ಇರೋ ಬ್ಯಾಂಕಿನ ಕಟ್ಟಡ ಬುಕ್ಕಲ್ಲಿ ಹಳೇ ಬೆಲೇಲೇ ಇದೆ, ಈಗಿನ ಬೆಲೆಗೆ ಏರಿಸಿದ್ರೆ 4 ಕೋಟಿ ಹೆಚ್ಚಾಗುತ್ತೆ, 2022ರ ಹೊಸ ನಿಯಮದ ಪ್ರಕಾರ ಅಂಥ ಏರಿಕೆಯ 45 ಪರ್ಸೆಂಟ್ ಬಂಡವಾಳ ಅಂತ ಲೆಕ್ಕಕ್ಕೆ ತಗೋಬಹುದು, 1.8 ಕೋಟಿ, ಒಂದೇ ದಿನದಲ್ಲಿ 12 ದಾಟಿಬಿಡ್ತೀವಿ. ನಿಯಮ ನಿಜ. ನಂಗೆ ಮಾತ್ರ ಇಷ್ಟ ಆಗ್ಲಿಲ್ಲ, ಊರಿಗೆ ಊರೇ ಕಷ್ಟದಲ್ಲಿ ಇರುವಾಗ ಆ ಕಟ್ಟಡ ತಗೊಳೋನು ಯಾರು, ಅವನೂ ಅಡಿಕೆಯೋನೇ ಅಲ್ವಾ. ವ್ಯಾಲ್ಯೂಯರ್ ಬಂದು ಟೇಪ್ ಹಿಡಿದು ಅಳ್ದಿದ್ದೂ ಆಯ್ತು. ಆಮೇಲೆ ಗೊತ್ತಾಗಿದ್ದು, ಕಟ್ಟಡ ನಮ್ದು, ಜಾಗ ಪುರಸಭೆ ಲೀಸು. ಅಡ್ಡಿ ಆತಂಕ ಇಲ್ದೆ ಬ್ಯಾಂಕು ಬೇಕಾದಾಗ ಮಾರಕ್ಕೆ ಆಗೋ ಆಸ್ತಿ ಇದ್ರೆ ಮಾತ್ರ ಲೆಕ್ಕಕ್ಕೆ ಬರುತ್ತೆ. ವ್ಯಾಲ್ಯೂಯರ್ ಫೀಸು ದಂಡ.

ವಾರ್ಷಿಕ ಸಭೇಲಿ ಡಿವಿಡೆಂಡ್ ಇಲ್ಲ ಅಂದಾಗ ಗಲಾಟೆ. ಹೋಳಿಗೆ ಇರ್ಲಿಲ್ಲ, ಉಪ್ಪಿಟ್ಟು. ಒಬ್ರು ಹಿರಿಯರು ಮೈಕ್ ಕಿತ್ಕೊಂಡು "ನಮ್ ದುಡ್ಡು ಸೇಫಾ ಇಲ್ವಾ ಅಷ್ಟು ಹೇಳ್ರೀ" ಅಂದ್ರು. ಐದು ಲಕ್ಷದ ತನಕ ಇನ್ಶೂರೆನ್ಸ್ ಇದೆ ಅಂತ ಮ್ಯಾನೇಜರ್ ಹೇಳಿದ್ದೇ ತಪ್ಪಾಯ್ತು, ಇನ್ಶೂರೆನ್ಸ್ ಮಾತು ಬಂತು ಅಂದ್ರೆ ಬ್ಯಾಂಕು ಮುಳುಗ್ತಾ ಇದೆ ಅಂತ ಅರ್ಥ ಮಾಡ್ಕೊಂಡು ಮಾರನೇ ದಿನ ಕೌಂಟರಲ್ಲಿ ಕ್ಯೂ. ಬೆಂಗಳೂರಿನ ಗುರು ರಾಘವೇಂದ್ರ ಬ್ಯಾಂಕಲ್ಲಿ 2020ರ ಜನವರೀಲಿ 35 ಸಾವಿರಕ್ಕೆ ಮಿತಿ ಹಾಕಿದ್ದು ಇಲ್ಲಿ ಎಲ್ರಿಗೂ ನೆನಪಿದೆ, ಬಹಳ ಮನೆಯೋರ ದುಡ್ಡು ಅಲ್ಲಿತ್ತು. ಮೂರು ದಿನ ಗೌಡ್ರು ಬಾಗಿಲ ಹತ್ರ ಕುರ್ಚಿ ಹಾಕ್ಕೊಂಡು ಕೂತು, ಬಂದೋರ ಹತ್ರ ತೋಟದ ವಿಷಯ ಮಾತಾಡ್ತಾ ಇದ್ರು. ಕೇಳಿದೋರಿಗೆಲ್ಲ ದುಡ್ಡು ಕೊಟ್ವಿ. ನಾಲ್ಕನೇ ದಿನ ಕ್ಯೂ ಕರಗಿತು. ಆ ಮೂರು ದಿನ ಆ ಮನುಷ್ಯ ಮಾಡಿದ್ದು ಯಾವ ಅನುಪಾತದಲ್ಲೂ ಬರಲ್ಲ.

ಮುಂದಿನ ಮಾರ್ಚ್ ಹೊತ್ತಿಗೆ ಷೇರಲ್ಲಿ 60 ಲಕ್ಷ ಬಂತು, ಬಹುಪಾಲು ಗೌಡ್ರ ನೆಂಟರಿಷ್ಟರದು. ಲಾಭ 90 ಲಕ್ಷ ಪೂರ್ತಿ ಒಳಗೇ ಇಟ್ವಿ. ಲಾಡ್ಜ್ ಸಾಲ ಒಂದೆರಡು ದೊಡ್ಡ ಬ್ಯಾಂಕಿಗೆ ದಾಟಿಸಿ, ಹಳೇ ಬಾಕಿ ಸ್ವಲ್ಪ ಎಳೆದು, ತೂಕ 108ಕ್ಕೆ ಇಳೀತು. 13.6 ಭಾಗಿಸು 108, ಸುಮಾರು 12.6. ಮಾರ್ಚ್ ಕೊನೇ ಹತ್ತು ದಿನ ಯಾವ ರಿನೀವಲ್ಲೂ ನನ್ನ ಮತ್ತೆ ಆಡಿಟರ್ ಸೈನ್ ಇಲ್ದೆ ಹೋಗಲ್ಲ ಅಂತ ಮಾಡಿದೀವಿ. ನನ್ನ 14.5 ಚೌಕಾಸಿ ಆಗಿ ಆಗಿ 13ಕ್ಕೆ ನಿಂತಿದೆ, ನಡಾವಳಿ ಪುಸ್ತಕದಲ್ಲಿ "ಅಡಿಕೆ ಬಾಬ್ತು ಹೆಚ್ಚುವರಿ 1 ಪರ್ಸೆಂಟ್" ಅಂತ ಬರ್ಸಿದೀನಿ, ಆ ಪದಗಳು ಅಲ್ಲಿ ಇರ್ಲಿ ಅಂತ. 12.6ರಿಂದ ಆ 13ಕ್ಕೆ ಹೋಗಕ್ಕೆ ಇನ್ನೂ ನಲವತ್ತೈದು ಲಕ್ಷ ಬೇಕು.

ಮೊನ್ನೆ ಗೌಡ್ರು ಫೋನ್ ಮಾಡಿದ್ರು, ಬ್ಯಾಂಕಿನ ವಿಷಯ ಅಂದ್ಕೊಂಡೆ. "ಸಾರ್, ಕೊಳೆಗೆ ಎರಡನೇ ಸಲ ಬೋರ್ಡೋ ಔಷಧಿ ಹೊಡೆಯಕ್ಕೆ ಮಳೆ ಒಂದ್ ದಿನ ಬಿಡ್ತಿಲ್ಲ ಮಾರಾಯ್ರೆ, ಕಾಯಿ ಉದುರಕ್ಕೆ ಶುರು ಆಗಿದೆ" ಅಂದ್ರು. ಎಷ್ಟು ತೋಟದಲ್ಲಿ ಅಂತ ಕೇಳ್ದೆ. "ನಮ್ ಕಡೆ ಎಲ್ಲಾ ಕಡೆ" ಅಂದ್ರು. ಫೋನ್ ಇಟ್ಟು ಆ 61 ಕೋಟಿಯ ಪಟ್ಟಿ ಮತ್ತೆ ತೆಗ್ದೆ.